ಹನ್ನೊಂದು ಜನ, ಎರಡು ದಿನ, ಹದಿನಾಲ್ಕು ಪಾಯಿಂಟ್

ಮೊನ್ನೆ ಭಾನುವಾರ ನನ್ನ ತಮ್ಮ ಕೊಡೈಕೆನಾಲ್ ಪ್ರವಾಸಕ್ಕೆ ಅಂತ ವಾಟ್ಸಾಪ್‌ನಲ್ಲಿ ಹೊಸ ಗ್ರೂಪ್ ಮಾಡಿದ. ಹೆಸರು ‘ಕೊಡೈ ಕಾಲಿಂಗ್’. ಹಾಕಿದ ಮೊದಲ ಮೆಸೇಜೇ ಒಂದು ಪಟ್ಟಿ. ಕೋಕರ್ಸ್ ವಾಕ್, ಪಿಲ್ಲರ್ ರಾಕ್ಸ್, ಬ್ರಯಂಟ್ ಪಾರ್ಕ್, ಡಾಲ್ಫಿನ್ಸ್ ನೋಸ್, ಕೆರೆಯಲ್ಲಿ ಬೋಟಿಂಗ್... ಒಟ್ಟು 12 ಜಾಗ. ಶನಿವಾರ ಬೆಳಗಿನ ಜಾವ ಹೊರಡುವುದು, ಸೋಮವಾರ ಬೆಳಿಗ್ಗೆ ಆಫೀಸಿಗೆ ವಾಪಸ್. ಕೆಳಗೆ ಅಕ್ಕ ಹಾರ್ಟ್ ಹಾಕಿದಳು. ಭಾವ ‘ಸೂಪರ್’ ಅಂದರು. ಅಮ್ಮ ಹೆಬ್ಬೆಟ್ಟು ಒತ್ತಿದರು. ಹಿಂದೆಲ್ಲ ಸಾಹುಕಾರರ ಪತ್ರಕ್ಕೆ ಏನು ಬರೆದಿದೆ ಅಂತ ಕೇಳದೆ ಒತ್ತುತ್ತಿದ್ದರಲ್ಲ, ಥೇಟ್ ಹಾಗೆ.

ಅಮ್ಮನಿಗೆ 74. ಎರಡೂ ಮಂಡಿ ನೋವು. ಬಿಪಿಗೆ ಕೊಟ್ಟಿರುವ ಮಾತ್ರೆಯಿಂದಾಗಿ ಒಂದೂವರೆ ಗಂಟೆಗೊಮ್ಮೆ ಬಾತ್‌ರೂಮ್ ಬೇಕೇ ಬೇಕು. ಡಾಲ್ಫಿನ್ಸ್ ನೋಸ್‌ಗೆ ಗುಡ್ಡ ಇಳಿದು ಹೋಗಬೇಕು, ಮತ್ತೆ ಹತ್ತಿ ಬರಬೇಕು. ಅಮ್ಮನನ್ನು ಹೊತ್ತುಕೊಂಡು ಹೋಗುವವರು ಯಾರು ಅಂತ ಪಟ್ಟಿಯಲ್ಲಿ ಬರೆದಿರಲಿಲ್ಲ.

ತಮ್ಮನನ್ನು ಬೈಯುವ ಹಕ್ಕು ನನಗಿಲ್ಲ. ಇದೇ ತಪ್ಪನ್ನು ಮೊದಲು ಮಾಡಿದವಳು ನಾನೇ.

2024ರ ಮೇ ತಿಂಗಳು, ಊಟಿ. ಅವತ್ತೂ ಒಂದು ಗ್ರೂಪ್ ಇತ್ತು, ಪಟ್ಟಿ ಇತ್ತು, ಪಟ್ಟಿಯಲ್ಲಿ 14 ಪಾಯಿಂಟ್ ಇದ್ದವು. ಎರಡು ದಿನ, ಹನ್ನೊಂದು ಜನ, ಒಂದು ಟಿಟಿ (ಟೆಂಪೊ ಟ್ರಾವೆಲರ್). ಬೆಂಗಳೂರಿನಿಂದ ತಮ್ಮನ ಮನೆಯವರು, ಹಾಸನದಿಂದ ಅಕ್ಕ-ಭಾವ ಎಲ್ಲರೂ ಹಿಂದಿನ ರಾತ್ರಿಯೇ ಮೈಸೂರಿಗೆ ಬಂದು ನಮ್ಮ ಮನೆಯಲ್ಲಿ ಮಲಗಿದ್ದರು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ ಹೀಗೇ. 6ಕ್ಕೆ ಗೇಟ್ ತೆಗೆಯುವಾಗ ನಾವೇ ಮೊದಲಿರಬೇಕು ಅಂತ ನನ್ನ ಹಟ. ಅದಕ್ಕಾಗಿ ಅಮ್ಮನನ್ನು ಮೂರೂವರೆಗೆ ಎಬ್ಬಿಸಿದೆ. ಗೇಟಿಗೆ ಹೋಗಿ ನೋಡಿದರೆ ಮೈಸೂರಿನ ಅರ್ಧ ಜನ ನಮಗಿಂತ ಮೊದಲೇ ಬಂದು ನಿಂತಿದ್ದರು. ಎಲ್ಲರ ಮನೆಯಲ್ಲೂ ನನ್ನಂಥವಳೊಬ್ಬಳು ಇರುತ್ತಾಳೆ, ಅಲ್ವಾ?

ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿದರು. ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬೇಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿ, ಅದು ಶುರುವಾಗಿದ್ದೇ ಆ ಮೇ 7ಕ್ಕೆ. ನಾವು ಹೋಗಿದ್ದು ಅದೇ ವಾರ. ಪಾಸ್ ಪುಕ್ಕಟೆ, ಮೊಬೈಲ್‌ನಲ್ಲೇ ಆಗುತ್ತದೆ, ಮನೆಯಲ್ಲಿ ಕೂತು ಮಾಡಿದರೆ ಐದು ನಿಮಿಷದ ಕೆಲಸ. ಕಾಡಿನ ನಡುವೆ ನಿಂತು ಸಿಗ್ನಲ್ ಹುಡುಕುತ್ತಾ ಮಾಡಿದರೆ ಮುಕ್ಕಾಲು ಗಂಟೆ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ. ನಾನು ಜಾಣತನದಿಂದ ಹೋಲ್‌ಸೇಲ್‌ನಲ್ಲಿ ತಂದಿದ್ದ ಎರಡು ಕಟ್ಟು ಬಾಟಲಿಗಳನ್ನೂ ಅಲ್ಲೇ ಇಳಿಸಿಕೊಂಡರು.

ಊಟಿ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಹೋಟೆಲಿನವರು ಫೋನಿನಲ್ಲಿ ‘ಪಾರ್ಕಿಂಗ್ ಇದೆ’ ಅಂದಿದ್ದರು. ಇತ್ತು, ಅರ್ಧ ಕಿಲೋಮೀಟರ್ ಕೆಳಗೆ. ಅಲ್ಲಿಂದ ರೂಮಿಗೆ ಮೆಟ್ಟಿಲು. ಊಟಿಗೆ ಹೋದವರಿಗೆ ಊಟ ಸಿಕ್ಕಿದ್ದು ನಾಲ್ಕು ಗಂಟೆಗೆ. ಭಾವ ಈ ಜೋಕನ್ನು ಎರಡು ದಿನದಲ್ಲಿ ಆರು ಸಲ ಹೇಳಿದರು. ಆರನೇ ಸಲ ಅಕ್ಕ ಕೂಡ ನಗಲಿಲ್ಲ.

ಅದರ ಜೊತೆಗೆ ಫ್ಲವರ್ ಶೋ. ಬೊಟಾನಿಕಲ್ ಗಾರ್ಡನ್‌ನಲ್ಲಿ 1896ರಿಂದ ನಡೆದುಕೊಂಡು ಬಂದಿರುವ ಪ್ರದರ್ಶನ, ಚೆನ್ನಾಗಿಯೇ ಇರುತ್ತದೆ. ಆದರೆ ಅವತ್ತು ನಮಗೆ ಹೂವಿಗಿಂತ ಹೂ ಮುಡಿದ ತಲೆಗಳೇ ಜಾಸ್ತಿ ಕಂಡವು. ‘ನಡೀರಿ ನಡೀರಿ, ಇನ್ನೂ ರೋಸ್ ಗಾರ್ಡನ್ ಇದೆ’ ಅಂತ ನಾನು ಮುಂದೆ, ಕುರಿ ಕಾಯುವವಳ ಹಾಗೆ.

ಆ ರಾತ್ರಿ ಅಮ್ಮನಿಗೆ ವಿಪರೀತ ತಲೆನೋವು, ವಾಂತಿ. ಚಳಿಗೆ ಇರಬೇಕು ಅಂದುಕೊಂಡು ಇನ್ನೊಂದು ರಗ್ಗು ಹೊದಿಸಿದೆ. ಕೊನೆಗೆ ನನ್ನ ಮಗಳು ಹೇಳಿದಳು, “ಅಜ್ಜಿ ಬೆಳಿಗ್ಗೆಯಿಂದ ನೀರೇ ಕುಡಿದಿಲ್ಲಮ್ಮ. ಕುಡಿದ್ರೆ ಗಾಡಿ ನಿಲ್ಸು ಅಂತ ಕೇಳ್ಬೇಕಾಗತ್ತೆ, ಎಲ್ಲರಿಗೂ ಲೇಟಾಗತ್ತೆ ಅಂತಿದ್ರು.”

ಮಾರನೇ ದಿನ ನಾನು ಮತ್ತು ಅಮ್ಮ ರೂಮಿನಲ್ಲೇ ಇದ್ದೆವು. ಉಳಿದವರು ದೊಡ್ಡಬೆಟ್ಟಕ್ಕೆ ಹೋಗಿ ಮಂಜು ನೋಡಿಕೊಂಡು ಬಂದರು. 2,637 ಮೀಟರ್ ಎತ್ತರದಲ್ಲಿ ನಿಂತು ಹತ್ತು ಮೀಟರ್ ಆಚೆಗಿದ್ದದ್ದು ಕಾಣಲಿಲ್ಲವಂತೆ.

ಮನೆಗೆ ಬಂದ ಮೇಲೆ ತುಂಬಾ ಯೋಚಿಸಿದೆ. ಪ್ರವಾಸದ ಪ್ಲಾನ್ ಅಂದರೆ ನಾವು ಜಾಗಗಳಿಂದ ಶುರು ಮಾಡುತ್ತೇವೆ. ಆಮೇಲೆ ಜನರನ್ನು ಅದರೊಳಗೆ ತುರುಕುತ್ತೇವೆ. ಮುಂದಿನ ಸಲ ಉಲ್ಟಾ ಮಾಡೋಣ ಅನ್ನಿಸಿತು. ಒಂದು ಹಾಳೆ ತೆಗೆದುಕೊಂಡು ಮೊದಲು ಅಮ್ಮನ ದಿನವನ್ನು ಬರೆದೆ. ಎಂಟಕ್ಕೆ ತಿಂಡಿ, ಮಾತ್ರೆ. ಅದಾದ ಮೇಲೆ ಎರಡು ಗಂಟೆ ಬಾತ್‌ರೂಮ್ ಹತ್ತಿರವೇ ಇರಬೇಕು. ಒಂದೂವರೆಗೆ ಅನ್ನ. ಎರಡರಿಂದ ನಾಲ್ಕು ಮಲಗಬೇಕು. ಅದರ ಪಕ್ಕ ತಮ್ಮನ ಮೂರು ವರ್ಷದ ಮಗುವಿನ ದಿನ ಬರೆದೆ. ನೋಡಿದರೆ ಎರಡೂ ಹೆಚ್ಚು ಕಡಿಮೆ ಒಂದೇ! ಊಟ, ನಿದ್ದೆ, ಬಾತ್‌ರೂಮ್ ಎಲ್ಲ ಕಳೆದು ಉಳಿದದ್ದು ದಿನಕ್ಕೆ ನಾಲ್ಕು ಗಂಟೆ. ಅಂದರೆ ಬೆಳಿಗ್ಗೆ ಒಂದು ಜಾಗ, ಸಂಜೆ ಇನ್ನೊಂದು. ಅಷ್ಟೇ. ಹದಿನಾಲ್ಕು ಪಾಯಿಂಟ್ ನೋಡಬೇಕೆಂದರೆ ಏಳು ದಿನ ಬೇಕಿತ್ತು. ನಾನು ಕೊಟ್ಟದ್ದು ಎರಡು.

ಆ ಹಾಳೆ ಹಿಡಿದುಕೊಂಡೇ 2025ರ ಫೆಬ್ರವರಿಯಲ್ಲಿ ಮತ್ತೆ ನೀಲಗಿರಿಗೆ ಹೋದೆವು. ಅಕ್ಕ-ಭಾವ ಬರಲಿಲ್ಲ, ಒಂಬತ್ತು ಜನ. ಸೋಮವಾರ ಹೋಗಿ ಗುರುವಾರ ವಾಪಸ್. ಮಕ್ಕಳಿಗೆ ನಾಲ್ಕು ದಿನ ಸ್ಕೂಲಿಗೆ ಚಕ್ಕರ್ ಹೊಡೆಸಿದೆ. ಇದಕ್ಕೆ ಬೈಯುವವರು ಬೈಯಬಹುದು. ಆರನೇ ಕ್ಲಾಸಿನ ನಾಲ್ಕು ದಿನ ಹೋದರೆ ಪ್ರಪಂಚ ಮುಳುಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹತ್ತನೇ ಕ್ಲಾಸ್ ಆಗಿದ್ದರೆ ನಾನೂ ಹೀಗೆ ಮಾತಾಡುತ್ತಿರಲಿಲ್ಲ, ಬಿಡಿ.

ಈ ಸಲ ಊಟಿಯಲ್ಲಿ ಇಳಿದುಕೊಳ್ಳಲಿಲ್ಲ. ಕೂನೂರಿನಲ್ಲಿ ಉಳಿದೆವು. ಕೂನೂರು ಊಟಿಗಿಂತ ಸುಮಾರು 400 ಮೀಟರ್ ಕೆಳಗಿದೆ. ಫೆಬ್ರವರಿಯ ರಾತ್ರಿಯಲ್ಲಿ ಆ ವ್ಯತ್ಯಾಸ ಅಮ್ಮನ ಮಂಡಿಗೆ ಗೊತ್ತಾಗುತ್ತದೆ. ರೂಮ್ ಬುಕ್ ಮಾಡುವಾಗ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ಗಾಡಿ ನಿಲ್ಲುವ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ಕಮೋಡ್ ಇದೆಯಾ? ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ? ರಾತ್ರಿ ಎಂಟಕ್ಕೆ ಬಿಸಿ ಅನ್ನ-ಸಾರು ಸಿಗುತ್ತದಾ? ಕಿಟಕಿಯಿಂದ ಏನು ಕಾಣುತ್ತದೆ ಅಂತ ಕೇಳಲೇ ಇಲ್ಲ. ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕ್. ಪರವಾಗಿಲ್ಲ.

ಟ್ರೇನ್ ವಿಷಯ ಹೇಳಲೇಬೇಕು, ಯಾಕೆಂದರೆ ಮೈಸೂರಿನವರು ಇಲ್ಲೇ ಎಡವುತ್ತೇವೆ. ನೀಲಗಿರಿಯ ಪುಟ್ಟ ರೈಲು ಮೇಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್ ಹತ್ತುತ್ತದೆ. ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ಬಂದ ಲೈನು. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಎಲ್ಲ ಸರಿ. ಆದರೆ ಮೇಟ್ಟುಪಾಳ್ಯಂ ಇರುವುದು ಬೆಟ್ಟದ ಆ ಕಡೆ, ನಾವು ಹತ್ತುವುದು ಈ ಕಡೆಯಿಂದ. ಟ್ರೇನಿಗಾಗಿ ಇಡೀ ಬೆಟ್ಟ ಇಳಿದು, ಬೆಳಗಿನ ಒಂದೇ ಗಾಡಿ ಹಿಡಿದು, ಹತ್ತಿರ ಹತ್ತಿರ ಐದು ಗಂಟೆ ಕೂರಬೇಕು. ಮಕ್ಕಳಿಗೆ ಮೊದಲ ಅರ್ಧ ಗಂಟೆ ಸಂಭ್ರಮ, ಆಮೇಲೆ ‘ಇನ್ನೆಷ್ಟು ದೂರ?’ ಅಮ್ಮನ ವಿಷಯ ಹೇಳುವುದೇ ಬೇಡ. ಕೂನೂರಿನಿಂದ ಊಟಿಗಾದರೆ 19 ಕಿಲೋಮೀಟರ್, ಒಂದು ಗಂಟೆಯ ಮೇಲೆ ಸ್ವಲ್ಪ. ಹಲ್ಲಿನ ಹಳಿ ಸಿಗುವುದಿಲ್ಲ, ಎಂಜಿನ್ನೂ ಡೀಸೆಲ್‌ದು. ಆದರೆ ಸುರಂಗ ಸಿಗುತ್ತದೆ, ಕೇತ್ತಿ ಕಣಿವೆ ಸಿಗುತ್ತದೆ, ಸುರಂಗದೊಳಗೆ ಇಡೀ ಬೋಗಿ ‘ಹೋ’ ಅಂತ ಕೂಗುವುದೂ ಸಿಗುತ್ತದೆ. ಅಮ್ಮನೂ ಕೂಗಿದರು. ನಾನು ಆ ಧ್ವನಿ ಯಾವತ್ತೂ ಕೇಳಿರಲಿಲ್ಲ.

ಊಟಿಯಲ್ಲಿ ಅವತ್ತು ನೋಡಿದ್ದು ಬೊಟಾನಿಕಲ್ ಗಾರ್ಡನ್ ಒಂದೇ. ಸುಮಾರು 55 ಎಕರೆ, ಎಲ್ಲ ಇಳಿಜಾರು. ಅಮ್ಮ ಕೆಳಗಿನ ಹುಲ್ಲಿನ ಹತ್ತಿರ ಬೆಂಚಿನಲ್ಲಿ ಕೂತರು. ನಾವು ಸರದಿಯ ಮೇಲೆ ಒಬ್ಬೊಬ್ಬರು ಅವರ ಜೊತೆ ಕೂತೆವು, ಉಳಿದವರು ಹತ್ತಿ ಬಂದೆವು. ಅಲ್ಲೊಂದು ಕಲ್ಲಾಗಿ ಹೋದ ಮರದ ಕಾಂಡ ಇದೆ, 2 ಕೋಟಿ ವರ್ಷದ್ದಂತೆ. ನನ್ನ ಮಗ ಕೇಳಿದ, “ಅಜ್ಜಿಗಿಂತ ಮುಂಚೇದಾ?”

ಮಾರನೇ ದಿನ ಕೂನೂರಿನ ಸಿಮ್ಸ್ ಪಾರ್ಕ್. ಅಲ್ಲಿ ಅಮ್ಮನ ಬೆಂಚಿನಲ್ಲಿ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ಬಟ್ಟೆ ಕಟ್ಟಿದ್ದ ಒಬ್ಬ ಅಜ್ಜಿ ಬಂದು ಕೂತರು, ನೀಲಗಿರಿಯ ಬಡಗ ಸಮುದಾಯದವರು. ಬಡಗ ಭಾಷೆ ಕನ್ನಡಕ್ಕೆ ತೀರಾ ಹತ್ತಿರದ್ದು. ಹಾಲಿಗೆ ಹಾಲೇ ಅನ್ನುತ್ತಾರೆ, ಅವರ ಊರುಗಳಿಗೆ ಹಟ್ಟಿ ಅನ್ನುತ್ತಾರೆ. ದೊಡ್ಡಬೆಟ್ಟ ಅನ್ನುವ ಹೆಸರೇ ಸಾಕಲ್ಲ. ಅಮ್ಮ ಮಾತಾಡಿದ್ದು ನಮ್ಮ ಮೈಸೂರು ಕನ್ನಡ, ಆ ಅಜ್ಜಿ ಆಡಿದ್ದು ಬಡಗ. ಒಂದು ಗಂಟೆ ನಡೆಯಿತು. ಆಲೂಗಡ್ಡೆ, ಬೆಳ್ಳುಳ್ಳಿ ರೇಟು, ಕಾಡೆಮ್ಮೆ ತೋಟಕ್ಕೆ ನುಗ್ಗುವುದು, ಸೊಸೆಯಂದಿರು. “ಎಲ್ಲ ಅರ್ಥ ಆಯ್ತಾಮ್ಮ?” ಅಂದೆ. “ಅರ್ಧ ಆಯ್ತು. ಇನ್ನರ್ಧ ಬೇಕಾಗಿರ್ಲಿಲ್ಲ” ಅಂದರು.

ಎಲ್ಲ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಗೂಡಲೂರು ದಾರಿಯಲ್ಲಿ ಮಗ ಎರಡು ಸಲ ವಾಂತಿ ಮಾಡಿಕೊಂಡ. ಬೋಟಿಂಗ್ ಇಲ್ಲ ಅಂತ ಮಗಳು ಅರ್ಧ ದಿನ ಮುಖ ಊದಿಸಿಕೊಂಡಿದ್ದಳು. ನಮ್ಮ ಯಜಮಾನರಿಗಂತೂ ‘ಪೈಕಾರ ನೋಡದೆ ಬಂದ್ವಿ ಅಂದ್ರೆ ಆಫೀಸಲ್ಲಿ ನಗ್ತಾರೆ’ ಅನ್ನುವ ಕೊರಗು. ಹಾಗಾದರೆ ನೀವು ಹೋಗಿ ಬನ್ನಿ ಅಂದೆ. ತಮ್ಮ, ಅವರು, ಮಗಳು ಮೂವರೂ ಹೋಗಿ ಬಂದರು. ಒಂಬತ್ತು ಜನ ಒಂದೇ ಗಾಡಿಯಲ್ಲಿ ಬಂದ ಮಾತ್ರಕ್ಕೆ ಒಂಬತ್ತು ಜನವೂ ಒಂದೇ ಜಲಪಾತದ ಮುಂದೆ ನಿಲ್ಲಬೇಕು ಅಂತ ಯಾರು ಹೇಳಿದರು?

ಇ-ಪಾಸ್ ಬಗ್ಗೆ ಇನ್ನೊಂದು ಮಾತು. ಅದನ್ನು ಬೈಯುವ ಪೋಸ್ಟ್‌ಗಳು ನನ್ನ ಕಣ್ಣಿಗೂ ಬೀಳುತ್ತವೆ. 2025ರ ಏಪ್ರಿಲ್‌ನಿಂದ ಸೀಸನ್ನಿಗೆ ಮಿತಿಯನ್ನೂ ಹಾಕಿದರು. ಊಟಿಗೆ ಮಾಮೂಲಿ ದಿನಗಳಲ್ಲಿ 6,000 ಗಾಡಿ, ವಾರದ ಕೊನೆಗೆ 8,000. ಕೊಡೈಗೆ 4,000 ಮತ್ತು 6,000. ಬೆಟ್ಟ ಎಷ್ಟು ಜನರನ್ನು ತಾಳುತ್ತದೆ ಅಂತ ಅಧ್ಯಯನ ಮಾಡುವ ಕೆಲಸ ಮದ್ರಾಸಿನ ಐಐಟಿ, ಬೆಂಗಳೂರಿನ ಐಐಎಂ ಪಾಲಿಗೆ ಬಂತು. ನಮ್ಮ ಮುಳ್ಳಯ್ಯನಗಿರಿಗೂ ಈಗ ಆನ್‌ಲೈನ್ ಬುಕಿಂಗ್ ಬಂದಿದೆ. ನನಗೆ ಇದು ಸರಿ ಅನ್ನಿಸುತ್ತದೆ. ಮೇ ತಿಂಗಳ ಆ ಶನಿವಾರ ನಮ್ಮ ಟಿಟಿಯ ಹಿಂದೆ ಒಂದು ಆಂಬುಲೆನ್ಸ್ ಸೈರನ್ ಹೊಡೆದುಕೊಂಡು ನಿಂತೇ ಇತ್ತು. ನಮ್ಮ ಡ್ರೈವರ್‌ಗೆ ಪಕ್ಕಕ್ಕೆ ಸರಿಯಲು ಒಂದಡಿ ಜಾಗ ಇರಲಿಲ್ಲ. ನಾವು ಎರಡು ದಿನ ಇದ್ದು ಬಂದೆವು. ಆ ಊರಿನವರು ಎಲ್ಲಿಗೆ ಹೋಗುತ್ತಾರೆ? ಗಾಡಿಗೆ ಪಾಸ್ ಮಾಡಿಸುವ ರಗಳೆ ಬೇಡ ಅನ್ನುವವರು ಬಸ್ಸಿಗೆ ಹೋಗಲಿ, ಸರ್ಕಾರಿ ಬಸ್ಸಿನಲ್ಲಿ ಹೋಗುವವರು ಪಾಸ್ ಮಾಡಿಸಬೇಕಾಗಿಲ್ಲ.

ಈಗ ಮತ್ತೆ ‘ಕೊಡೈ ಕಾಲಿಂಗ್’ಗೆ ಬರುತ್ತೇನೆ. ಮೈಸೂರಿನಿಂದ ಹೊರಟರೆ ಮೊದಲು ಚಾಮರಾಜನಗರ, ಆಮೇಲೆ ದಿಂಬಂ ಘಾಟ್‌ನ 27 ತಿರುವು ಇಳಿಯಬೇಕು. ಅಲ್ಲೂ ರಾತ್ರಿ ಓಡಾಟಕ್ಕೆ ನಿರ್ಬಂಧ ಇದೆ. ಕೆಳಗಿಳಿದು ಬಿಸಿಲಿನಲ್ಲಿ ಬಯಲು ದಾಟಿ, ಮತ್ತೆ ಬೆಟ್ಟ ಹತ್ತಬೇಕು. ಹೋಗುವುದಕ್ಕೇ ಒಂದು ದಿನ, ಬರುವುದಕ್ಕೆ ಒಂದು ದಿನ. ಶನಿವಾರ, ಭಾನುವಾರ ಎರಡೂ ಮುಗಿಯಿತು. ಆ 12 ಜಾಗಗಳನ್ನು ಯಾವಾಗ ನೋಡುವುದು?

ನಾನು ನಿನ್ನೆ ರಾತ್ರಿ ಗ್ರೂಪಿನಲ್ಲಿ ಇಷ್ಟೇ ಹಾಕಿದೆ: “ಅಮ್ಮ ಮಾತ್ರೆ ತಗೊಂಡ ಮೇಲೆ ಎರಡು ಗಂಟೆ ಎಲ್ಲಿರ್ತಾರೆ? ಇದೊಂದಕ್ಕೆ ಯಾರಾದ್ರೂ ಉತ್ತರ ಹೇಳಿ, ಮಿಕ್ಕಿದ್ದು ಆಮೇಲೆ.”

ಬೆಳಿಗ್ಗೆ ನೋಡಿದರೆ ಎಲ್ಲರದ್ದೂ ನೀಲಿ ಟಿಕ್ ಬಿದ್ದಿದೆ. ಉತ್ತರ ಒಬ್ಬರದ್ದೂ ಇಲ್ಲ. ಅಮ್ಮ ಮಾತ್ರ ಅದಕ್ಕೂ ಒಂದು ಹೆಬ್ಬೆಟ್ಟು ಒತ್ತಿದ್ದಾರೆ.