ಆ ಗೆರೆಯನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ

ನಿನ್ನೆ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಸೈಬರ್ ಸೆಂಟರ್‌ನಲ್ಲಿ ಕಂಡದ್ದನ್ನು ಬರೆಯದೆ ಸಮಾಧಾನವಾಗುತ್ತಿಲ್ಲ. ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಮೊಮ್ಮಗಳ ಕಾಲೇಜಿನ ಅರ್ಜಿ ತುಂಬುತ್ತಿದ್ದರು. ಕೈ ನಡುಗುವುದರಿಂದ ಅವರಿಗೆ ಮೌಸ್ ನಿಲ್ಲುವುದಿಲ್ಲ, ಟ್ಯಾಬ್ ಕೀ ಒತ್ತಿಯೇ ಮುಂದೆ ಸಾಗಬೇಕು. ಹೆಸರು ಬರೆಯುವ ಜಾಗ ಸಿಗುವ ಮೊದಲು ಮೇಲಿನ ಮೆನುವಿನ ಒಂದೊಂದೇ ಲಿಂಕನ್ನು ದಾಟಬೇಕಿತ್ತು. ಸದ್ಯ ಯಾವ ಲಿಂಕಿನ ಮೇಲಿದ್ದೇವೆ ಎಂದು ತೋರಿಸುವ ಗೆರೆಯಂತೂ ಇರಲೇ ಇಲ್ಲ. "ಎಲ್ಲಿದೀನಿ ಅಂತಾನೇ ತಿಳೀತಿಲ್ವಲ್ಲಪ್ಪ" ಎಂದು ಅವರು ನನ್ನ ಕಡೆ ತಿರುಗಿದಾಗ ನನಗೆ ಬಂದದ್ದು ಬರೀ ಸಿಟ್ಟು.

ವೆಬ್ ಪುಟ ಕಟ್ಟುವುದೇ ನನ್ನ ಹೊಟ್ಟೆಪಾಡೆಂದು ನಿಮಗೆಲ್ಲ ಗೊತ್ತು, ಆದ್ದರಿಂದ ಈ ಸಿಟ್ಟು ನನ್ನ ಕಸುಬಿನವರ ಮೇಲೆಯೇ. ಆ ಗೆರೆಯನ್ನು ಬ್ರೌಸರ್ ತಾನಾಗಿಯೇ ಎಳೆದು ಕೊಡುತ್ತದೆ. ಅಂದ ಕೆಡುತ್ತದೆಂದು ಯಾರೋ 'ಔಟ್‌ಲೈನ್: ನನ್' ಎಂಬ ಒಂದು ಸಾಲು ಬರೆದು ಅದನ್ನು ಅಳಿಸಿದ್ದಾರೆ. ಮೌಸ್ ಬಳಸುವಾಗ ಗೆರೆ ಬೇಡವೆನಿಸಿದರೆ 'ಫೋಕಸ್-ವಿಸಿಬಲ್' ಎಂಬ ಸೌಲಭ್ಯವಿದೆ. ಕೀಬೋರ್ಡ್‌ನಿಂದ ಬಂದವರಿಗೆ ಮಾತ್ರ ಗೆರೆ ಕಾಣುವಂತೆ ಅದರಲ್ಲಿ ಮಾಡಬಹುದು. ಇಷ್ಟಿದ್ದೂ ಅಳಿಸುತ್ತಾರೆ. ಪುಟದ ಮೊದಲಿಗೇ 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಲಿಂಕ್ ಇಟ್ಟಿದ್ದರೆ ಆ ಹಿರಿಯರು ಮೆನುವನ್ನು ಒಂದೇ ಸಲಕ್ಕೆ ದಾಟುತ್ತಿದ್ದರು. ಕೊನೆಯ 'ಸಲ್ಲಿಸಿ' ಗುಂಡಿಯ ಮೇಲಂತೂ ಟ್ಯಾಬ್ ನಿಲ್ಲಲೇ ಇಲ್ಲ, ಏಕೆಂದರೆ ಅದು ನಿಜವಾದ ಬಟನ್ ಆಗಿರದೆ ಬಣ್ಣ ಬಳಿದ ಡಿವ್ (ಪುಟದಲ್ಲಿನ ಬರೀ ಒಂದು ಚೌಕ) ಆಗಿತ್ತು. ಬಟನ್ ಟ್ಯಾಗ್ ಬಳಸಿದ್ದರೆ ಟ್ಯಾಬ್, ಎಂಟರ್, ಸ್ಪೇಸ್ ಮೂರೂ ತಾವಾಗಿಯೇ ಕೆಲಸ ಮಾಡುತ್ತಿದ್ದವು. ಅರ್ಜಿಯನ್ನು ಕೊನೆಗೆ ನಾನೇ ಕಳುಹಿಸಬೇಕಾಯಿತು, ಅದು ಅವರಿಗೆ ಇಷ್ಟವಾಗಲಿಲ್ಲ.

ಇವು ಹೊಸ ಬೇಡಿಕೆಗಳೇನೂ ಅಲ್ಲ. ಕೀಬೋರ್ಡ್‌ನಿಂದಲೇ ಎಲ್ಲವೂ ನಡೆಯಬೇಕು, ಪ್ರತಿ ಪುಟದಲ್ಲೂ ಮರುಕಳಿಸುವ ಭಾಗವನ್ನು ದಾಟಲು ದಾರಿ ಇರಬೇಕು, ಫೋಕಸ್, ಅಂದರೆ ಸದ್ಯ ಎಲ್ಲಿದ್ದೇವೆ ಎಂಬುದು, ಕಣ್ಣಿಗೆ ಕಾಣಬೇಕು ಎಂದು ವೆಬ್ ಪುಟಗಳನ್ನು ಎಲ್ಲರೂ ಬಳಸುವಂತೆ ಮಾಡಲು ಇರುವ ಡಬ್ಲ್ಯುಸಿಎಜಿ 2.0 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲೇ ಹೇಳಿದೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೀಬೋರ್ಡ್ ಒಂದನ್ನೇ ನಂಬಿಕೊಂಡವರು ಎಷ್ಟು ಜನ ಇದ್ದಾರು ಎಂದು ಗೆಳೆಯರೊಬ್ಬರು ಕೇಳಿದರು. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಕೇಳಿಸಿಕೊಂಡು ಓದುವ ಅಂಧರಿದ್ದಾರೆ, ಕೈ ಮುರಿದುಕೊಂಡವರಿದ್ದಾರೆ, ದಿನವಿಡೀ ಮೌಸ್ ಮುಟ್ಟದೆ ಟ್ಯಾಲಿ ನಡೆಸುವ ಅಕೌಂಟೆಂಟರು ಇದೇ ಊರಿನಲ್ಲಿ ಬೀದಿಗೊಬ್ಬರಿದ್ದಾರೆ. ಅವರು ಯಾರೂ ಇಲ್ಲದೆ ಈ ಹಿರಿಯರೊಬ್ಬರೇ ಇದ್ದರೂ ಆ ಗೆರೆಯನ್ನು ಅಳಿಸುವ ಹಕ್ಕು ನಮಗೆ ಬರುವುದಿಲ್ಲ.

ಆ ಕಾಲೇಜಿಗೆ ಬೆಳಿಗ್ಗೆಯೇ ಪತ್ರ ಬರೆದಿದ್ದೇನೆ. ಗೆರೆ, ಲಿಂಕ್, ಬಟನ್ ಮೂರನ್ನೂ ಒಂದು ರೂಪಾಯಿ ಪಡೆಯದೆ ಸರಿಪಡಿಸಿಕೊಡುತ್ತೇನೆ, ಅರ್ಜಿಯ ಕೊನೆಯ ದಿನಾಂಕ ಮುಗಿಯುವ ಮೊದಲು ಅನುಮತಿ ಕೊಡಿ ಎಂದು ಕೇಳಿದ್ದೇನೆ.