ಗಾಜಿನೊಳಗಿನ ಅಡಕತ್ತರಿ

ನಿವೃತ್ತಿಯಾದ ಮೇಲೆ ನಮ್ಮ ಮನೆಯವರಿಗೆ ಮ್ಯೂಸಿಯಂ ಹುಚ್ಚು ಹತ್ತಿದೆ. ಇಲ್ಲೇ ಶಿವಮೊಗ್ಗದಲ್ಲಿರುವ ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂಗೆ ನೆಂಟರು ಬಂದರೆ ಮಾತ್ರ ಹೋಗುವವರು, ದೆಹಲಿ, ಹೈದರಾಬಾದ್ ಅಂದರೆ ತಿಂಗಳ ಮೊದಲೇ ಬ್ಯಾಗ್ ತುಂಬಿಡುತ್ತಾರೆ. ಬ್ಯಾಂಕಿನಲ್ಲಿದ್ದವರು, ರಜೆ ಪಟ್ಟಿ ಬಾಯಿಪಾಠ. ಆದರೂ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ನನ್ನನ್ನು ಕರೆದುಕೊಂಡು ಹೋಗಿದ್ದು ಶುಕ್ರವಾರ. ಅಲ್ಲಿಗೆ ಶುಕ್ರವಾರವೇ ರಜೆ. ದೆಹಲಿಯ ನ್ಯಾಷನಲ್ ಮ್ಯೂಸಿಯಂಗೆ ಸೋಮವಾರ ರಜೆ. ಹೋಗಿದ್ದು? ಸೋಮವಾರ.

ಮಾರನೇ ದಿನ ಮತ್ತೆ ಹೋದೆವು. ಮೊಹೆಂಜೊದಾರೊದ ಕಂಚಿನ ಗೊಂಬೆ, ಆ ನರ್ತಕಿ, ಬರೀ 10.5 ಸೆಂಟಿಮೀಟರ್ ಎತ್ತರ! ಸೊಂಟಕ್ಕೆ ಕೈ ಕೊಟ್ಟು ನಿಂತ ಧಿಮಾಕು ಮಾತ್ರ ಆಳೆತ್ತರ. ಇವರು ಪಕ್ಕದ ಫಲಕವನ್ನು ಲೆಡ್ಜರ್ ತಪಾಸಣೆ ಮಾಡಿದ ಹಾಗೆ ಬೆರಳಿಟ್ಟು ಓದುತ್ತಿದ್ದರು. ನಾನು ಕುರ್ಚಿ ಹುಡುಕುತ್ತಿದ್ದೆ.

ಇನ್ನೊಂದು ದೊಡ್ಡ ಊರಿನಲ್ಲಿ ಮ್ಯೂಸಿಯಂ ಬಾಗಿಲಲ್ಲೇ ಸ್ಕ್ಯಾನರ್ ಕೂಗಿತು. ಎಲೆ ಅಡಿಕೆ ಕವಳದ ಸಂಚಿ ಇಲ್ಲದೆ ಮಲೆನಾಡಿನವರು ಹೊರಡುವುದುಂಟಾ? ಕಾವಲುಗಾರ ಅಡಿಕೆ ಕತ್ತರಿಸುವ ಅಡಕತ್ತರಿ ಹೊರಗೆ ತೆಗೆದ. ಇನ್ನೊಬ್ಬನನ್ನು ಕರೆದ. ಇಬ್ಬರೂ ತೆಗೆದು ಮುಚ್ಚಿ ನೋಡಿದರು. ಇವರಿಗೆ ಹಿಂದಿ ಅಷ್ಟಕ್ಕಷ್ಟೆ. "ಐಸಾ ರಖ್‌ನಾ, ಕಟ್!" ಅಂತ ಕೈಯಲ್ಲೇ ಮಾಡಿ ತೋರಿಸಿದರು. ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. ಕೊನೆಗೆ ಅದನ್ನು ಇಟ್ಟುಕೊಂಡು ಟೋಕನ್ ಕೊಟ್ಟರು. ಒಳಗೆ ಸಾಲುಸಾಲು ಕತ್ತಿ, ಕಠಾರಿ. "ಇದೆಲ್ಲಾ ಒಳಗೆ ಇರಬಹುದು, ನಮ್ಮದು ಬಂದರೆ ಅಪಾಯ, ಅಲ್ವಾ?" ಅಂತ ಗೊಣಗುತ್ತಲೇ ಸುತ್ತಿದರು.

ಆ ಸಿಟ್ಟು ಇಳಿದಿದ್ದು ಪುಣೆಯ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂನಲ್ಲಿ. ಏಳನೇ ವಯಸ್ಸಿಗೆ ತೀರಿಕೊಂಡ ಮಗ ರಾಜಾನ ನೆನಪಿಗೆ ಕೇಳ್ಕರ್ ಅವರು ಊರೂರು ಅಲೆದು 20,000ಕ್ಕೂ ಹೆಚ್ಚು ವಸ್ತು ಕೂಡಿಸಿದರು. ದೀಪ, ಪಾತ್ರೆ, ವಾದ್ಯ, ಹೆಚ್ಚಿನವು ಮನೆಬಳಕೆಯವು. ಅದನ್ನು ಓದಿ ನನಗೆ ಗಂಟಲು ಕಟ್ಟಿತ್ತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ "ಏ, ಬಾ ಇಲ್ಲಿ!" ಅಂತ ಕೂಗು. ಗಾಜಿನೊಳಗೆ ಅಡಕತ್ತರಿಗಳು! ಕುಸುರಿ ಕೆಲಸದವು, ನಾನಾ ಆಕಾರದವು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಅಲ್ಲಿದ್ದ ಮರಾಠಿ ಹಿರಿಯರೊಬ್ಬರಿಗೆ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ತರಗಳ ಪಾಠ ಶುರುವಾಯಿತು. ಹಸಿ ಅಡಿಕೆ ಸುಲಿದು ಬೇಯಿಸಿ, ಬೇಯಿಸಿದ ನೀರಿನ ಚೊಗರು ಹಾಕಿ ಒಣಗಿಸುವವರೆಗೂ ಅರ್ಧ ಹಿಂದಿ, ಅರ್ಧ ತೀರ್ಥಹಳ್ಳಿ ಕನ್ನಡ. ಅವರು ತಲೆಯಾಡಿಸಿದರು. ಅರ್ಥವಾಯಿತೋ, ಪಾಪ, ಮರ್ಯಾದೆಗೋ ಗೊತ್ತಿಲ್ಲ. ಪೇಶ್ವೆ ಬಾಜಿರಾಯನ ಹೆಂಡತಿ ಮಸ್ತಾನಿಯ ಮಹಲನ್ನು ಅಲ್ಲೇ ಮತ್ತೆ ಜೋಡಿಸಿಟ್ಟಿದ್ದಾರೆ. ನಾನೊಬ್ಬಳೇ ನೋಡಿ ಬಂದೆ. ವಾಪಸ್ ಬಂದಾಗ ಪಾಠ ಅಡಿಕೆಯ ಕೊಳೆರೋಗಕ್ಕೆ ಬಂದಿತ್ತು, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬಾಕಿ ಇತ್ತು.

ಆ ಹಿರಿಯರು ಈಗಲೂ ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ. ಇವರು ಉತ್ತರಕ್ಕೆ ಶಿವಮೊಗ್ಗ ಎಪಿಎಂಸಿಯ ಅಡಿಕೆ ರೇಟು ಹಾಕುತ್ತಾರೆ.