ಎಟಿವಿಯಲ್ಲಿ ಮಗುವನ್ನು ಕೂರಿಸಲು ‘2022ರ ನಿಯಮ’ದ ಅನುಮತಿ: ಒಂದು ಸ್ಪಷ್ಟನೆ

ವಾರಾಂತ್ಯದಲ್ಲಿ ನಂದಿಬೆಟ್ಟ, ಕನಕಪುರ ರಸ್ತೆಯ ಕಡೆಯ ರೆಸಾರ್ಟ್‌ಗಳಿಗೆ ಹೋಗುವ ಬೆಂಗಳೂರಿನ ಪೋಷಕರ ನಡುವೆ, ‘ಸುರಕ್ಷತಾ ಬೆಲ್ಟ್ ಕಟ್ಟಿ ಹೆಲ್ಮೆಟ್ ಹಾಕಿದರೆ ಚಿಕ್ಕ ಮಕ್ಕಳನ್ನು ಎಟಿವಿಯಲ್ಲಿ (ಕಚ್ಚಾ ಹಾದಿಯಲ್ಲಿ ಮೋಜಿಗೆ ಓಡಿಸುವ, ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ತೆರೆದ ವಾಹನ) ಕೂರಿಸಿಕೊಳ್ಳಲು 2022ರ ಕೇಂದ್ರ ನಿಯಮವೇ ಅವಕಾಶ ಕೊಟ್ಟಿದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಆ ನಿಯಮವು ಮೋಟಾರ್‌ಸೈಕಲ್‌ನಲ್ಲಿ ಕರೆದೊಯ್ಯುವ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಂಬಂಧಿಸಿದ್ದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರ್‌ಸೈಕಲ್ ಎಂದರೆ ದ್ವಿಚಕ್ರ ವಾಹನ. ನಾಲ್ಕು ಚಕ್ರದ ಎಟಿವಿಗೆ ಅದು ಅನ್ವಯಿಸುವುದಿಲ್ಲ. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಲು ಅದೇ ಕಾಯ್ದೆಯ 39ನೇ ಸೆಕ್ಷನ್ ಬಿಡುವುದಿಲ್ಲವಾದ್ದರಿಂದ, ಅಂಥ ಎಟಿವಿಯಲ್ಲಿ ರೆಸಾರ್ಟಿನ ಗೇಟು ದಾಟಿ ಊರಿನ ರಸ್ತೆಗಿಳಿಯುವುದೂ ಕಾನೂನುಬಾಹಿರ.

ಕಾನೂನಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಈ ವಾಹನದ ರಚನೆ. ಸೀಟು ಉದ್ದವಾಗಿರುವುದು ಇಬ್ಬರು ಕೂರಲೆಂದಲ್ಲ. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ತಿರುವಿನಲ್ಲಿ ಒಳಬದಿಗೆ ಸವಾರನು ಮೈಭಾರ ಸರಿಸುತ್ತಲೇ ಇರಬೇಕು, ಅದಕ್ಕಾಗಿ ಆ ಜಾಗ. ತೊಡೆಯ ಮುಂದೆ ಮಗು ಕೂತರೆ ಈ ಚಲನೆಯೇ ಸಾಧ್ಯವಾಗದೆ ವಾಹನ ಮಗುಚುವ ಅಪಾಯ ಹೆಚ್ಚುತ್ತದೆ. ದೊಡ್ಡವರ ಎಟಿವಿಗಳು ಸಾಮಾನ್ಯವಾಗಿ 200 ಕಿಲೋಗೂ ಹೆಚ್ಚು ತೂಗುತ್ತವೆ. ಅದು ಮೇಲೆ ಬಿದ್ದಾಗ ದೊಡ್ಡವರ ಮೈಗೆ ಬಿಗಿದ ಬೆಲ್ಟು ಮಗುವನ್ನು ಕಾಪಾಡದು.

ಒಬ್ಬರೇ ಕೂರುವ ಎಟಿವಿಗಳ ಮೇಲೆ, ಪ್ರಯಾಣಿಕರನ್ನು ಕೂರಿಸಬಾರದೆಂಬ ಎಚ್ಚರಿಕೆಯ ಚೀಟಿಯನ್ನು ತಯಾರಕರೇ ಅಂಟಿಸಿರುತ್ತಾರೆ. ಟಿಕೆಟ್ ಕೊಳ್ಳುವ ಮುನ್ನ ದಯವಿಟ್ಟು ಅದನ್ನು ಹುಡುಕಿ ಓದಿ. ಕೆಸರು ಮೆತ್ತಿದ್ದರೆ ಒರೆಸಿ ತೋರಿಸುವಂತೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ.